ನಕಲು ಪುಸ್ತಕದ ಇನ್ನೂರ ಹದಿನಾಲ್ಕನೇ ಪುಟ

ಮಾರ್ಚ್ 6, 1972, ಸೋಮವಾರ

ಹದಿನೇಳು ಪೆಟ್ಟಿಗೆ. ಕಾರ್ಡಿಫ್‌ನ ದಾಖಲೆ ಕಚೇರಿಯವರು ಒಂಬತ್ತು ಎಂದಿದ್ದರು. ಅವರು ಎಣಿಸಿದ್ದು ಫೋನಿನಲ್ಲಿರಬೇಕು. ಎಬೆನೆಜರ್ ಬೆಡೋ ಅವರ ಇಪ್ಪತ್ತಮೂರು ವರ್ಷಗಳ ಪತ್ರವ್ಯವಹಾರ ಕಾರ್ಮಿಕರ ಭವನದ ಹಿಂದಿನ ಕೋಣೆಯಲ್ಲಿ, ಬಳಕೆಯಲ್ಲಿಲ್ಲದ ಹಳೆಯ ಬಿಲಿಯರ್ಡ್ಸ್ ಮೇಜಿನ ಕೆಳಗೆ ಬಿದ್ದಿದೆ. ಮೇಲಿನ ಎರಡು ಪೆಟ್ಟಿಗೆಗೆ ಬೂಷ್ಟು ಹಿಡಿದಿದೆ. ಬೆಡೋ ಹನ್ನೆರಡನೇ ವಯಸ್ಸಿಗೆ ಗಣಿಗೆ ಇಳಿದವರು, ಆಮೇಲೆ ಗಣಿ ಕಾರ್ಮಿಕರ ಸಂಘದ ಮುಖಂಡರಾಗಿ, 1908ರಿಂದ 1931ರವರೆಗೆ ಈ ಕಣಿವೆಯ ಪಾರ್ಲಿಮೆಂಟ್ ಸದಸ್ಯರಾಗಿದ್ದವರು. ಭವನದ ಬಾಗಿಲ ಮೇಲೆ ಅವರ ಕಲ್ಲಿನ ತಲೆಯಿದೆ. ಪಾರಿವಾಳಗಳಿಗೆ ಬಹಳ ಪ್ರಿಯವಾದ ಜಾಗ.

ನನ್ನ ಕೆಲಸ ಒಂದು ಕಾಗದಕ್ಕೆ ಒಂದು ಸಾಲು ಬರೆಯುವುದು. ಬರೆದವರು ಯಾರು, ಯಾವ ಊರು, ತಾರೀಖು, ವಿಷಯ. ಕಾಗದದಲ್ಲಿ ಇರುವುದನ್ನಷ್ಟೇ ಬರೆಯಬೇಕು, ಹೊಗಳಬಾರದು, ಅಯ್ಯೋ ಅನ್ನಬಾರದು. ಪಟ್ಟಿಯಲ್ಲಿ ‘ಮನಕಲಕುವ ಪತ್ರ’ ಎಂದು ಬರೆಯುವವರನ್ನು ಕಂಡರೆ ನನಗೆ ಆಗದು. ಇಪ್ಪತ್ತೆಂಟು ವರ್ಷ ಕಾರ್ಡಿಫ್‌ನಲ್ಲಿ ಇದನ್ನೇ ಮಾಡಿದ್ದೇನೆ. ಹೆತ್ತವರನ್ನು ನೋಡಿಕೊಳ್ಳಬೇಕೆಂಬ ಒಂದೇ ಕಾರಣಕ್ಕೆ ಎರಡು ವರ್ಷದ ಹಿಂದೆ ಈ ಊರಿಗೆ ಮರಳಿದೆ. ಹೆತ್ತವರಲ್ಲಿ ಉಳಿದಿರುವುದು ತಂದೆ ಮಾತ್ರ, ಅವರ ಎದೆಯ ತುಂಬ ಕಲ್ಲಿದ್ದಲ ಧೂಳು.

ಸಂಘದ ಊರಿನ ಶಾಖೆಯ ಕಾರ್ಯದರ್ಶಿ ಹ್ಯಾಂಡೆಲ್ ಗೆಥಿನ್ ಕೀಲಿ ಕೊಟ್ಟರು. ಅರವತ್ತೆರಡು ವಯಸ್ಸು, ಇನ್ನೂ ಗಣಿಗೆ ಇಳಿಯುತ್ತಾರೆ.

“ಕಾರ್ಡಿಫ್‌ನೋರಿಗೆ ಬೇರೆ ಯಾರೂ ಸಿಗಲಿಲ್ವಾ ಮೇಡಮ್ಮೋರೆ?”

“ನಾನು ಇಲ್ಲೇ ಇದೀನಲ್ಲ. ಬಸ್ ಚಾರ್ಜು ಉಳೀತು ಅಂತ ಖುಷಿಯಾಗಿದ್ದಾರೆ.”

“ಅದೂ ಸರೀನೇ. ನಿಮ್ಮನೆಯೋರು ಯಾವಾಗ್ಲೂ ಕೆಲಸಕ್ಕೆ ಮುಂದು.”

ಹಿಂದೆ ಚಹಾ ಕುಡಿಯುತ್ತಿದ್ದವರು ನಕ್ಕರು. 1926ರಲ್ಲಿ ಕೂಲಿ ಕಡಿತಕ್ಕೆ ಒಪ್ಪದ ಕಾರ್ಮಿಕರನ್ನು ಮಾಲೀಕರು ಹೊರಗಿಟ್ಟು ಏಳು ತಿಂಗಳು ಊರೆಲ್ಲ ಹಸಿದು ಕೂತಿದ್ದಾಗ ವಾಟ್ಕಿನ್ ಟ್ರೆಹಾರ್ನ್, ಅಂದರೆ ನನ್ನ ತಂದೆ, ಗಣಿಗೆ ಇಳಿದ. ನನಗೆ ಆಗ ಆರು ವರ್ಷ. ನಲವತ್ತಾರು ವರ್ಷದ ಹಿಂದಿನದು ಈ ಊರಿನಲ್ಲಿ ಮೊನ್ನೆಯ ಮಾತು. ಅದರ ಮೇಲೆ ಕಳೆದ ತಿಂಗಳು ಮುಷ್ಕರ ಮಾಡಿ ಗೆದ್ದಿದ್ದಾರೆ, ಎಲ್ಲರ ಎದೆಯೂ ಒಂದಿಷ್ಟು ಉಬ್ಬಿದೆ.

ಮನೆಗೆ ಬಂದು ಮೇಲಿನ ಕೋಣೆಗೆ ಸಾರು ಕೊಟ್ಟೆ. ಅರ್ಧ ಬಿಟ್ಟಿದ್ದಾರೆ.

ಮಾರ್ಚ್ 9, ಗುರುವಾರ

ನೂರ ನಲವತ್ತು ಕಾಗದ ಮುಗಿಯಿತು. ಜನ ಪಾರ್ಲಿಮೆಂಟ್ ಸದಸ್ಯರಿಗೆ ಏನೆಲ್ಲ ಬರೆಯುತ್ತಾರಪ್ಪ! ಒಬ್ಬಾಕೆಯ ಗಂಡನಿಗೆ ಕಂಪನಿ ಕೊಟ್ಟ ಗಾಜಿನ ಕಣ್ಣು ನೀಲಿ, ಅವನ ಉಳಿದ ಕಣ್ಣು ಕಂದು. ಬದಲಾಯಿಸಿಕೊಡಿ ಎಂದು ಮೂರು ಕಾಗದ. ಇನ್ನೊಬ್ಬ ತನ್ನ ಹೆಂಡತಿಯ ತಮ್ಮ ಭಜನಾ ಮೇಳದಲ್ಲಿ ಅಪಸ್ವರ ಹಾಡುತ್ತಾನೆ, ಪಾರ್ಲಿಮೆಂಟಿನಿಂದ ಒಂದು ಮಾತು ಬಂದರೆ ಸುಮ್ಮನಾದಾನು ಎಂದು ಬೇಡಿಕೊಂಡಿದ್ದಾನೆ.

ಬೆಡೋ ಎಲ್ಲರಿಗೂ ಉತ್ತರ ಬರೆದಿದ್ದಾರೆ. ಪ್ರತಿ ಕಾಗದದ ಮೂಲೆಯಲ್ಲಿ ನೀಲಿ ಪೆನ್ಸಿಲ್ಲಿನಲ್ಲಿ ‘ಉತ್ತರಿಸಿದೆ’ ಮತ್ತು ತಾರೀಖು. ಕಳಿಸುವ ಮುಂಚೆ ಉತ್ತರವನ್ನು ನಕಲು ಪುಸ್ತಕದ ಒದ್ದೆ ಮಾಡಿದ ತೆಳು ಹಾಳೆಗೆ ಒತ್ತುತ್ತಿದ್ದರು, ಮಸಿ ಇಳಿದು ನಕಲು ಉಳಿಯುತ್ತಿತ್ತು. ಪುಸ್ತಕದ ಮೊದಲಲ್ಲಿ ಹೆಸರಿನ ಸೂಚಿ, ಪಕ್ಕದಲ್ಲಿ ಪುಟದ ಸಂಖ್ಯೆ. ಇಷ್ಟು ಶಿಸ್ತಿನ ಮನುಷ್ಯನನ್ನು ನನ್ನ ವೃತ್ತಿಯಲ್ಲಿ ನೋಡಿಲ್ಲ.

ಈ ಊರಿನಲ್ಲಿ ಬೆಡೋ ಅವರ ಕಾಗದ ಬಂದರೆ ಚೌಕಟ್ಟು ಹಾಕಿಸಿ ಮುಂಗೋಣೆಯಲ್ಲಿ ಗಡಿಯಾರದ ಪಕ್ಕ ತೂಗುಹಾಕುತ್ತಾರೆ. ಗೆಥಿನ್ ಮನೆಯಲ್ಲೂ ಒಂದಿದೆಯಂತೆ, ಅವರಪ್ಪನಿಗೆ ಬಂದದ್ದು. ಎರಡು ಸಾಲು: ‘ನಿಮ್ಮ ಪತ್ರ ತಲುಪಿತು. ವಿಚಾರಿಸುತ್ತೇನೆ.’ ವಿಚಾರಿಸಿದರೇ ಎಂದು ಕೇಳಿದೆ. ಗೆಥಿನ್ ಮುಖ ಗಂಟಿಕ್ಕಿಕೊಂಡು ಹೋದರು.

ಮಾರ್ಚ್ 17, ಶುಕ್ರವಾರ

1925 ಮುಗಿಯಿತು. ಮುಂದಿನ ಪೆಟ್ಟಿಗೆ ಪಕ್ಕಕ್ಕಿಟ್ಟು 1927 ತೆಗೆದೆ. ಕ್ರಮ ತಪ್ಪಿಸಿದ್ದು ಇದೇ ಮೊದಲು. ಪೆಟ್ಟಿಗೆ ಭಾರವಾಗಿತ್ತು, ಅಷ್ಟೇ.

ಮೇಲಿನ ಕೋಣೆಯಲ್ಲಿ ಇಡೀ ದಿನ ಕೆಮ್ಮು.

ಮಾರ್ಚ್ 21, ಮಂಗಳವಾರ

1926ರ ಪೆಟ್ಟಿಗೆ ತೆಗೆದೆ. ಏಳನೇ ಕಟ್ಟಿನಲ್ಲಿ ಸಿಕ್ಕಿತು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು, ಅಂಗಡಿಗೆ ಕಳಿಸುವ ಚೀಟಿಯಲ್ಲಿ ಈಗಲೂ ಅದೇ ಅಕ್ಷರ ಬರುತ್ತದೆ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ.

‘ಸೆಪ್ಟೆಂಬರ್ 11, 1926. ಮಾನ್ಯ ಬೆಡೋ ಅವರಿಗೆ. ಗಣಿಯ ಕೆಳಗಿನ ಮಟ್ಟದಲ್ಲಿ ನೀರು ಏರುತ್ತಿದೆ. ಇದುವರೆಗೆ ಪಂಪು ನೋಡಿಕೊಳ್ಳುವ ನಮ್ಮನ್ನು ಮಾತ್ರ ಇಳಿಯಲು ಶಾಖೆಯವರು ಬಿಟ್ಟಿದ್ದರು. ನಿನ್ನೆ ನಮ್ಮನ್ನೂ ಹೊರಗೆ ಕರೆದರು. ಮೂರು ವಾರ ಪಂಪು ನಿಂತರೆ ಆ ಮಟ್ಟ ಮುಗಿದಂತೆ. ನಾವು ಗೆದ್ದರೂ ನಾನೂರು ಜನರಿಗೆ ಮರಳಲು ಕೆಲಸ ಇರುವುದಿಲ್ಲ. ನಾನು ಸಂಘದ ಆಳು, ಸಂಘದ ಮಾತು ಮೀರುವವನಲ್ಲ. ನಿಲ್ಲಿಸಬೇಕೋ ನಡೆಸಬೇಕೋ ನೀವು ಹೇಳಿ, ಹಾಗೆಯೇ ಮಾಡುತ್ತೇನೆ. ಬೇಗ ಬರೆಯಿರಿ, ನೀರು ಕಾಯುವುದಿಲ್ಲ. ವಾಟ್ಕಿನ್ ಟ್ರೆಹಾರ್ನ್.’

ಮೂಲೆಯಲ್ಲಿ ನೀಲಿ ಪೆನ್ಸಿಲ್ಲು: ‘ಉತ್ತರಿಸಿದೆ, ಸೆಪ್ಟೆಂಬರ್ 14.’ ನನ್ನ ತಂದೆ ಗಣಿಗೆ ಇಳಿದದ್ದು ಆ ಸೆಪ್ಟೆಂಬರ್ ಹದಿನಾರಕ್ಕೆ. ಆ ತಾರೀಖು ನಮ್ಮ ಮನೆಯಲ್ಲಿ ಯಾರೂ ಮರೆಯುವ ಹಾಗಿರಲಿಲ್ಲ, ಆವತ್ತೇ ನಮ್ಮ ಬಾಗಿಲಿಗೆ ಡಾಂಬರು ಬಳಿದದ್ದು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಹಸಿವಿಗೆ ಹೆದರಿ ಇಳಿದ ಎಂದು ಊರು ಹೇಳಿತು. ನಾನೂ ಅದನ್ನೇ ನಂಬಿದೆ. ಅವರು ಬೇರೆ ಏನೂ ಹೇಳಲೇ ಇಲ್ಲವಲ್ಲ!

ಪಟ್ಟಿಯ ಆ ಸಾಲಿಗೆ ಮಸಿ ಚೆಲ್ಲಿದೆ. ಆ ಹಾಳೆಯನ್ನು ಮತ್ತೆ ಬರೆಯಬೇಕು.

ಮಾರ್ಚ್ 22, ಬುಧವಾರ

ಅವರಿಗೆ ಇನ್ನೂ ಹೇಳಿಲ್ಲ. ಸಾರಿಗೆ ಲೀಕ್ ಈರುಳ್ಳಿ ಹೆಚ್ಚು ಹಾಕಿದೆ, ಅವರಿಗೆ ಇಷ್ಟ. ಪೂರ್ತಿ ತಿಂದರು.

ಮಾರ್ಚ್ 24, ಶುಕ್ರವಾರ

ಗೆಥಿನ್ ಪಾಳಿ ಮುಗಿಸಿ ಬರುವ ಹೊತ್ತಿಗೆ ಕಾದಿದ್ದು ಕಾಗದ ಮುಂದಿಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದರು.

“ಕೇಳಿದ್ದಾರೆ, ಸರಿ. ಹೂಂ ಅಂದಿದ್ದೆಲ್ಲಿ?”

“ಉತ್ತರಿಸಿದೆ ಅಂತ ಇದೆಯಲ್ಲ.”

“ಉತ್ತರಿಸಿದೆ ಅಂದ್ರೆ ಇಳಿ ಅಂತಾನಾ? ಬೇಡ ಕಣಯ್ಯ ಅಂತ ಬರೆದಿರಬಹುದು. ಬೇಡ ಅಂದ್ಮೇಲೂ ಇಳಿದಿರಬಹುದು. ಅದು ಇನ್ನೂ ಕೆಟ್ಟದ್ದು.”

“ಗೆಥಿನ್, ನೀವು ನಲವತ್ತು ವರ್ಷದಿಂದ ದುಡೀತಿರೋದು ಯಾವ ಮಟ್ಟದಲ್ಲಿ?”

“ಕೆಳಗಿಂದ್ರಲ್ಲಿ.”

“ಅದು ಒಣಗಿತ್ತಲ್ಲ, ನೀವೆಲ್ಲ ಡಿಸೆಂಬರ್‌ನಲ್ಲಿ ವಾಪಸ್ ಹೋದಾಗ? ತಾನಾಗೇ ಒಣಗಿತಾ?”

ಅವರ ಕಿವಿ ಕೆಂಪಾಯಿತು. “ನೋಡಿ, ಆ ಬೇಸಿಗೇಲಿ ನಮ್ಮ ತಂಗಿ ಹೋದ್ಳು. ನಮ್ಮಮ್ಮನಿಗೆ ಹಾಲು ಬತ್ತಿತ್ತು. ನಿಮ್ಮನೇ ಹೊಗೆಗೂಡಲ್ಲಿ ಹೊಗೆ ಬರ್ತಿತ್ತು, ನಾನು ನೋಡ್ತಿದ್ದೆ. ಈಗ ಬಂದು ಒಂದು ಚೀಟಿ ತೋರಿಸ್ತೀರಿ.” ಕಾಗದವನ್ನು ನನ್ನ ಕಡೆ ತಳ್ಳಿ, “ಬೆಡೋ ಬರೆದಿದ್ರೆ ಚೌಕಟ್ಟಲ್ಲಿ ಇರ್ಬೇಕಿತ್ತಲ್ಲ? ಈ ಊರಲ್ಲಿ ಅವರ ಕಾಗದ ಕಳ್ಕೊಂಡ ಒಬ್ಬ ಮನುಷ್ಯನ್ನ ತೋರಿಸಿ. ಉತ್ತರ ತನ್ನಿ, ನಾನೇ ವೇದಿಕೆ ಹತ್ತಿ ಓದ್ತೀನಿ. ನಿಮ್ಮಪ್ಪ ಹೋದಾಗ ಬಾವುಟ ಹಿಡಿದು ಮುಂದೆ ನಡೀತೀನಿ, ಸಾಕಾ?”

ಅಮ್ಮ ಹೋದದ್ದು 1949ರಲ್ಲಿ. ಇಲ್ಲಿ ಶವದ ಹಿಂದೆ ಊರಿನ ಗಂಡಸರೆಲ್ಲ ಹಾಡುತ್ತ ನಡೆಯುತ್ತಾರೆ, ದಾರಿಯುದ್ದಕ್ಕೂ ಮನೆಗಳು ಕಿಟಕಿಯ ಪರದೆ ಎಳೆದು ಗೌರವ ತೋರಿಸುತ್ತವೆ. ಹೆಂಗಸರು ಹೊರಗೆ ಬರುವುದಿಲ್ಲ, ನಾನು ಕಿಟಕಿಯಿಂದ ನೋಡಿದೆ. ಬಾಡಿಗೆಗೆ ಸಿಕ್ಕಿದ್ದು ಮೂರು ಜನ ಹೊರುವವರು, ನಾಲ್ಕನೆಯ ಹೆಗಲು ತಂದೆಯದೇ. ಒಂದು ಪರದೆಯೂ ಅಲುಗಲಿಲ್ಲ. ಎದುರು ಮನೆಯಾಕೆ ಆ ಹೊತ್ತಿಗೇ ಗಾಜು ತೊಳೆಯಲು ನಿಂತಳು.

ಉತ್ತರದ ನಕಲು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಬೆಡೋ ಒಂದನ್ನೂ ಬಿಟ್ಟವರಲ್ಲ.

ಮಾರ್ಚ್ 28, ಮಂಗಳವಾರ

1926ರ ನಕಲು ಪುಸ್ತಕ ಹದಿನಾಲ್ಕನೇ ಪೆಟ್ಟಿಗೆಯಲ್ಲಿತ್ತು. ಸೂಚಿಯಲ್ಲಿ ಬೆಡೋ ಅವರ ಕೈಬರಹ: ‘ಟ್ರೆಹಾರ್ನ್, ವಾ., ಪುಟ 214.’

213 ಇದೆ, 215 ಇದೆ. ನಡುವೆ ಬೆರಳಗಲದ ಅಂಚು. ಹರಿದದ್ದಲ್ಲ, ಅಳತೆಪಟ್ಟಿ ಇಟ್ಟು ಕತ್ತರಿಸಿದ್ದು.

ಅಷ್ಟು ಶಿಸ್ತಿನ ಮನುಷ್ಯ ಸೂಚಿಯಿಂದ ಹೆಸರು ಹೊಡೆದುಹಾಕುವುದನ್ನು ಮರೆತರೋ, ಮನಸ್ಸು ಬರಲಿಲ್ಲವೋ ತಿಳಿಯದು. ಬಹಳ ಹೊತ್ತು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹೊರಗೆ ಬಿಲಿಯರ್ಡ್ಸ್ ಚೆಂಡಿನ ಸದ್ದು ಕೇಳುತ್ತಿತ್ತು. ಯಾರನ್ನು ಕರೆಯಲಿ, ಏನೆಂದು ಕರೆಯಲಿ?

ಏಪ್ರಿಲ್ 3, ಸೋಮವಾರ

ಈಸ್ಟರ್ ರಜೆ. ಭವನಕ್ಕೆ ಬೀಗ. ಬೆಳಿಗ್ಗೆ ತಂದೆಯನ್ನು ದಿಂಬಿಗೆ ಒರಗಿಸಿ ಕೂರಿಸಿ ಕೇಳಿಯೇಬಿಟ್ಟೆ. ಆಡಿದ ಮಾತನ್ನು ಹಾಗೆಯೇ ಬರೆದಿಡುತ್ತೇನೆ.

“ಬೆಡೋ ಅವರಿಗೆ ನೀವು ಬರೆದ ಕಾಗದ ಸಿಕ್ತು.”

ಉಸಿರು ಎಳೆದುಕೊಂಡರು. “ಆ ಪೆಟ್ಟಿಗೆ ಯಾಕೆ ತೆಗೆದೆ?”

“ನನ್ನ ಕೆಲಸ ಅದು. ಉತ್ತರ ಬಂದಿತ್ತಾ?”

“ಬಂತು.”

“ಏನಂತ?”

“ಇಳಿ ಅಂತ. ಪಂಪು ನಿಲ್ಲಿಸ್ಬೇಡ, ಶಾಖೆಯೋರಿಗೆ ನಾನು ಹೇಳ್ತೀನಿ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಓದಿ ಸುಟ್ಟುಬಿಡು ಅಂತ.”

“ಸುಟ್ರಾ?”

“ಸುಡು ಅಂದಿದ್ರಲ್ಲ.”

“ಅವರು ಶಾಖೆಗೆ ಹೇಳಿದ್ರಾ?”

“ಹೊತ್ತು ಸಿಗಲಿಲ್ಲವೇನೋ ಪಾಪ.”

“ಹೊತ್ತು ಸಿಗಲಿಲ್ವಾ? ಆಮೇಲೆ ಹನ್ನೆರಡು ವರ್ಷ ಬದುಕಿದ್ರು! ಶಾಖೆಯೋರು ಭವನದಲ್ಲಿ ನಿಮ್ಮ ಹೆಸರನ್ನ ದ್ರೋಹಿಗಳ ಪಟ್ಟೀಲಿ ಓದಿದಾಗ ಅದೇ ವೇದಿಕೆ ಮೇಲೆ ಕೂತಿದ್ರು!”

“ಕೂತಿದ್ರು. ನನ್ನ ಕಡೆ ನೋಡಲಿಲ್ಲ.” ಕೆಮ್ಮು ಬಂತು, ನೀರು ಕುಡಿಸಿದೆ. “ನೋಡು ಮಗಳೇ. ನಾನು ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು? ಅರ್ಧ ಜನ ಬೆಡೋ ಕಡೆ, ಅರ್ಧ ಜನ ಶಾಖೆ ಕಡೆ. ಹಸಿದಿದ್ರು ಎಲ್ಲರೂ. ಸಂಘ ಒಡೆದು ಹೋಗ್ತಿತ್ತು. ಮಾಲೀಕರು ಕಾಯ್ತಾ ಇದ್ದದ್ದೇ ಅದಕ್ಕೆ.”

“ಅಮ್ಮನಿಗಾದ್ರೂ ಹೇಳ್ಬಹುದಿತ್ತು.”

“ಯಾರ ಹತ್ರಾನೂ ಅಂದಿದ್ರಲ್ಲ.”

ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ, ಸಹಿ ಹಾಕಿ ಸಾಕು ಎಂದೆ. ತಲೆ ಆಡಿಸಿದರು. ಬೇಡಿಕೊಂಡೆ. ಅವರು ಕಿಟಕಿಯತ್ತ ಕೈ ತೋರಿಸಿದರು.

“ಮೊನ್ನೆ ಗೆದ್ದು ಹಾಡ್ಕೊಂಡು ಹೋದ್ರಲ್ಲ, ಕೇಳಿಸ್ಕೊಂಡ್ಯಾ? ಎಷ್ಟು ಚೆನ್ನಾಗಿ ಹಾಡಿದ್ರು. ಬಾಗಿಲ ಮೇಲೆ ಆ ತಲೆ ಇರಲಿ ಬಿಡು. ಅವರಿಗೆ ಬೇಕು ಅದು.”

ಏಪ್ರಿಲ್ 4, ಮಂಗಳವಾರ

ಅಪ್ಪನ ಮೇಲೆ ಸಿಟ್ಟು ಬಂದಿದೆ. ಇಷ್ಟು ಸಿಟ್ಟು ಅವರನ್ನು ದ್ರೋಹಿ ಎಂದು ನಂಬಿದ್ದಾಗಲೂ ಇರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಪಾಲಿಸಿ ಮನೆ ಮಂದಿಯನ್ನೆಲ್ಲ ಬಲಿಕೊಟ್ಟರಲ್ಲ! ಅಮ್ಮ ಇಪ್ಪತ್ತಮೂರು ವರ್ಷ ಪಕ್ಕದೂರಿಗೆ ನಡೆದುಹೋಗಿ ಬ್ರೆಡ್ಡು ತಂದಳು. ಯಾಕೆ ಎಂದು ಗೊತ್ತಿಲ್ಲದೆ ಸತ್ತಳು.

ಸಿಟ್ಟಿನಲ್ಲೇ ಅವರ ಗಡ್ಡ ಬೋಳಿಸಿದೆ. ಗಾಯವಾಗಲಿಲ್ಲ.

ಏಪ್ರಿಲ್ 11, ಮಂಗಳವಾರ

ಬೆಡೋ ಅವರ ಮಗಳು ಮಿಸ್ ಓಲ್ವೆನ್ ಬಂದಿದ್ದರು. ಎಪ್ಪತ್ತು ದಾಟಿದೆ, ಊರುಗೋಲು, ಚೊಕ್ಕ ಕೈಗವಸು. ತಾವೇ ಮಾಡಿದ ಒಣದ್ರಾಕ್ಷಿ ಬ್ರೆಡ್ಡು ತಂದಿದ್ದರು. ಕಾಗದಗಳ ಹಕ್ಕು ಅವರದು, ಅವರ ಸಹಿ ಇಲ್ಲದೆ ಒಂದು ಚೂರೂ ಕದಲುವಂತಿಲ್ಲ. ಅಪ್ಪನ ಕಾಗದ ತೋರಿಸಿದೆ, ಕತ್ತರಿಸಿದ ಅಂಚನ್ನೂ ತೋರಿಸಿದೆ. ಅಪ್ಪ ಹೇಳಿದ್ದನ್ನು ಹೇಳಲಿಲ್ಲ. ಅವರು ಅಂಚಿನ ಮೇಲೆ ಬೆರಳು ಆಡಿಸಿದರು.

“ನಮ್ಮ ತಂದೆಯವರ ಮೇಜಿನ ಚಾಕು ತುಂಬಾ ಹರಿತ ಇತ್ತು,” ಎಂದರು. ಅವರಿಗೆ ಅರ್ಥವಾಗಿದೆ ಎಂದು ನನಗೆ ಆಗಲೇ ತಿಳಿಯಿತು.

ಚಹಾ ಮುಗಿದ ಮೇಲೆ ಮೆತ್ತಗೆ ಕೇಳಿದರು, “ದಾನಿ ಇಷ್ಟಪಟ್ಟರೆ ಒಂದು ಪೆಟ್ಟಿಗೆನ ಮುಚ್ಚಿಡಬಹುದು ಅಂತೆ, ಹೌದಾ?”

“ಹೌದು. ಐವತ್ತು ವರ್ಷದವರೆಗೆ.”

“ಹಾಗಿದ್ರೆ 1926 ಮುಚ್ಚಿಡಿ. ಬೇಜಾರು ಮಾಡ್ಕೋಬೇಡಿ ಮಿಸ್ ಟ್ರೆಹಾರ್ನ್. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ. ಉಳಿದಿರೋದು ಅವರ ಹೆಸರು ಒಂದೇ.”

“ನನಗೂ ಮದುವೆ ಇಲ್ಲ, ಮಿಸ್ ಬೆಡೋ.”

ಅವರ ಕಣ್ಣಲ್ಲಿ ನೀರು ಬಂತು, ಆದರೂ ಸಹಿ ಹಾಕಿದರು. ಅರ್ಜಿ ತುಂಬಿಕೊಟ್ಟವಳು ನಾನೇ. 2022ರಲ್ಲಿ ಪೆಟ್ಟಿಗೆ ತೆರೆದಾಗ ನನಗೆ ನೂರೆರಡು.

ಏಪ್ರಿಲ್ 12, ಬುಧವಾರ

ಅಪ್ಪನ ಕಾಗದವನ್ನು ಕೈಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋದೆ. ಭವನದಲ್ಲಿ ಯಾರೂ ಇರಲಿಲ್ಲ. ವಾಪಸು ಬಂದು ಏಳನೇ ಕಟ್ಟಿನಲ್ಲೇ ಇಟ್ಟೆ. ನಿಯಮ ನಿಯಮವೇ. ಹಾಗೆ ನಡೆದುಕೊಳ್ಳದಿದ್ದರೆ ದಾಖಲೆ ಕಚೇರಿಗಳು ಯಾಕೆ ಬೇಕು?

ಏಪ್ರಿಲ್ 20, ಗುರುವಾರ

ಪಟ್ಟಿ ಮುಗಿಯಿತು, ನೂರ ಎಂಟು ಹಾಳೆ. ಪೆಟ್ಟಿಗೆ ಮುಚ್ಚಿದರೂ ಪಟ್ಟಿಗೆ ಮುಚ್ಚುಮರೆ ಇಲ್ಲ, ಯಾರು ಬೇಕಾದರೂ ನೋಡಬಹುದು. ಯಾರು ನೋಡುತ್ತಾರೆ ಎಂಬುದು ಬೇರೆ ಮಾತು. ಕಾಗದಗಳು ಭವನದಿಂದ ಹೊರಡುವುದರಿಂದ ಶಾಖೆಯ ಕಾರ್ಯದರ್ಶಿ ಪ್ರತಿ ಹಾಳೆಗೂ ಸಹಿ ಮಾಡಬೇಕು. ಗೆಥಿನ್ ಬೆರಳಿಟ್ಟು ಓದಿ ಓದಿ ಸಹಿ ಹಾಕಿದರು. ಗಾಜಿನ ಕಣ್ಣಿನ ಹತ್ತಿರ ನಕ್ಕರು. ಎಪ್ಪತ್ತನೇ ಹಾಳೆಯಲ್ಲಿ ಬೆರಳು ನಿಂತಿತು.

‘ವಾಟ್ಕಿನ್ ಟ್ರೆಹಾರ್ನ್, ಪಂಪಿನವ. ಸೆಪ್ಟೆಂಬರ್ 11, 1926. ಪಂಪು ನಿಲ್ಲಿಸಬೇಕೋ ನಡೆಸಬೇಕೋ ಎಂದು ಅಪ್ಪಣೆ ಕೇಳಿದ್ದು. ಉತ್ತರ ಹೋಗಿದೆ, ಸೆಪ್ಟೆಂಬರ್ 14. ನಕಲು: ಪುಟ 214. ಆ ಪುಟ ಕತ್ತರಿಸಿ ತೆಗೆಯಲಾಗಿದೆ.’

ಕಾಗದದಲ್ಲಿ ಇರುವುದನ್ನಷ್ಟೇ ಬರೆದಿದ್ದೆ.

“ಕತ್ತರಿಸಿದ್ದಾರಾ?”

“ನೋಡಿ.” ಪುಸ್ತಕ ತೆರೆದು ಕೊಟ್ಟೆ.

ಅವರು ಅಂಚನ್ನು ನೋಡಿದರು. ಬಾಗಿಲ ಕಡೆ ನೋಡಿದರು. “ಬೇರೆ ಯಾವುದಾದ್ರೂ ಪುಟ ಹಿಂಗಿದೆಯಾ?”

“ಇಪ್ಪತ್ತೊಂದು ಪುಸ್ತಕ ತಿರುವಿದ್ದೀನಿ. ಇದೊಂದೇ.”

ಗೆಥಿನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಸಹಿ ಎಲ್ಲಿ ಹಾಕ್ಲಿ, ನೆಸ್ಟಾ?” ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಇದೇ ಮೊದಲು.

ಏಪ್ರಿಲ್ 24, ಸೋಮವಾರ

ವ್ಯಾನು ಬಂತು, ಹದಿನೇಳನ್ನೂ ಹೇರಿಕೊಂಡು ಹೋಯಿತು. ಮನೆಗೆ ಬಂದಾಗ ಅಪ್ಪನ ತುಟಿ ನೀಲಿಯಾಗಿತ್ತು. ಡಾಕ್ಟರು ಬಂದು ಹೋದರು, ನನ್ನ ಭುಜ ತಟ್ಟಿದರು. ಈ ಡಾಕ್ಟರು ಸುಮ್ಮನೆ ಭುಜ ತಟ್ಟುವವರಲ್ಲ.

“ಹೋಯ್ತಾ?” ಎಂದು ಅಪ್ಪ ಕೇಳಿದರು.

“ಹೋಯ್ತು. ಮುಚ್ಚಿಟ್ಟಿದ್ದಾರೆ. ಯಾರಿಗೂ ಸಿಗಲ್ಲ.”

“ಒಳ್ಳೇದಾಯ್ತು,” ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಒಳ್ಳೆಯದಾಗಿಲ್ಲ ಎಂದು ಹೇಳಬೇಕಿತ್ತು. ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಏಪ್ರಿಲ್ 28, ಶುಕ್ರವಾರ

ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ಹೋದರು.

ಮೇ 2, ಮಂಗಳವಾರ

ಪಾದ್ರಿ ಮನೆಯಲ್ಲೇ ಪ್ರಾರ್ಥನೆ ಮಾಡಿದರು. ಹೊರುವವರು ನಾಲ್ಕೂ ಜನ ಪಕ್ಕದೂರಿನವರು. ಬರುವವರಿಗೆಂದು ಹ್ಯಾಮ್ ಕೊಯ್ದು, ಚಹಾಕ್ಕೆ ಇಪ್ಪತ್ತು ಕಪ್ಪು ಜೋಡಿಸಿದ್ದೆ. ಯಾಕೆ ಇಪ್ಪತ್ತು ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಶವಪೆಟ್ಟಿಗೆ ಎತ್ತಿದಾಗ ನಾನೂ ಕೋಟು ಹಾಕಿಕೊಂಡೆ. ಶವಸಂಸ್ಕಾರದ ಏರ್ಪಾಟು ಮಾಡಿದ ಮನುಷ್ಯ ಗಾಬರಿಯಾದ.

“ಅಮ್ಮಾ, ಹೆಂಗಸರು ಬರೋ ಪದ್ಧತಿ ಇಲ್ಲ.”

“ಗಂಡಸರು ಎಲ್ಲಿದ್ದಾರೆ ತೋರಿಸಿ, ಒಳಗೆ ಹೋಗ್ತೀನಿ.”

ಅವನು ಬೀದಿಯ ಎರಡೂ ಕಡೆ ನೋಡಿ ದಾರಿ ಬಿಟ್ಟ.

ಅಪ್ಪನ ಹಿಂದೆ ಒಬ್ಬಳೇ ನಡೆದೆ. ಹಾಡಲು ಯಾರೂ ಇರಲಿಲ್ಲ, ನನಗೆ ಹಾಡು ಬರುವುದಿಲ್ಲ. ನಮ್ಮ ಸಾಲಿನಲ್ಲಿ ಮೂವತ್ತಾರು ಮನೆ. ಪರದೆಗಳೆಲ್ಲ ತೆರೆದಿದ್ದವು, ಒಳಗಿನ ಗಡಿಯಾರ, ಗಡಿಯಾರದ ಪಕ್ಕದ ಚೌಕಟ್ಟು ಎಲ್ಲ ಕಾಣುತ್ತಿತ್ತು. ಭವನದ ಮುಂದೆ ಹಾಯ್ದು ಹೋಗುವಾಗ ತಲೆ ಎತ್ತಿ ಆ ಕಲ್ಲಿನ ಮುಖ ನೋಡಬೇಕೆಂದಿದ್ದೆ, ನೋಡಲಿಲ್ಲ. ಅಳು ಬಂದು ದಾರಿ ಸರಿಯಾಗಿ ಕಾಣುತ್ತಿರಲಿಲ್ಲ.

ಗೆಥಿನ್ ಮನೆ ಸ್ಮಶಾನದ ತಿರುವಿನಲ್ಲಿದೆ. ಅವರ ಕಿಟಕಿಗೆ ಪರದೆ ಎಳೆದಿತ್ತು. ಮೇಲಿನ ಕಿಟಕಿಗೂ, ಕೆಳಗಿನದಕ್ಕೂ. ಈ ವಾರ ಅವರದು ಹಗಲು ಪಾಳಿ, ಆ ಹೊತ್ತಿಗೆ ಅವರು ಗಣಿಯ ಕೆಳಗಿನ ಮಟ್ಟದಲ್ಲಿರಬೇಕು. ಆದರೆ ಬಾಗಿಲ ಹೊರಗೆ ಅವರ ಗಣಿಯ ಬೂಟುಗಳಿದ್ದವು, ಒರೆಸಿ ಇಟ್ಟಿದ್ದು, ಒಣಗಿದ್ದವು.

ಮಣ್ಣು ಮಾಡಿ ಮನೆಗೆ ಬಂದೆ. ಹ್ಯಾಮ್ ಹಾಗೆಯೇ ಇತ್ತು. ಕೋಟು ಕೂಡ ತೆಗೆಯದೆ, ಗೆಥಿನ್ ಮನೆಯ ಪರದೆಯ ವಿಷಯ ಅಪ್ಪನಿಗೆ ಹೇಳೋಣ ಎಂದು ಅರ್ಧ ಮೆಟ್ಟಿಲು ಹತ್ತಿಬಿಟ್ಟಿದ್ದೆ.